ನೆಲ ಬಾಯಿ ಮುಚ್ಚುವ ಜಾಗ

ಅವರ ಕಾಲ್ಬೆರಳುಗಳ ಸಂದಿಯಲ್ಲಿ ಸಿಮೆಂಟಿನ ಬಿಳಿ ಕೆಸರು ಯಾವಾಗಲೂ ಒಣಗಿ ಕೂತಿರುತ್ತಿತ್ತು. ಹಿಮ್ಮಡಿ ಒಡೆದು, ಆ ಬಿರುಕಿನೊಳಗೂ ಅದೇ ಬಿಳುಪು. ಒಂದು ಹೆಬ್ಬೆರಳಿಗೆ ಉಗುರಿರಲಿಲ್ಲ. ಎಡಗಾಲಿನದು ಎಂದು ನನ್ನ ನೆನಪು. ಬಲಗಾಲಿನದು ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಅವರ ಬಗ್ಗೆ ಖಚಿತವಾಗಿ ಗೊತ್ತಿದೆ ಎಂದುಕೊಂಡಿದ್ದ ಅನೇಕ ಸಂಗತಿಗಳು ಈಗ ಹೀಗೇ ಆಗಿವೆ. ಅದರಲ್ಲೂ ಮುಖ್ಯವಾದದ್ದು, ಉಡುಪಿಯ ಒಂದು ಹಳೆಯ ಅಂಗಡಿ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಮಧ್ಯಾಹ್ನ ಯಾರು ಏನು ಹೇಳಿದರು ಎನ್ನುವುದು. ಆ ಮಧ್ಯಾಹ್ನದ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರಲ್ಲಿ ನನ್ನ ಮಾತು ಮಾತ್ರ ಹೆಚ್ಚು ಹೆಚ್ಚು ಸ್ಪಷ್ಟವಾಗುತ್ತ ಹೋಯಿತು. ಹೇಳಿದಷ್ಟೂ ಸ್ಪಷ್ಟವಾಗುವ ನೆನಪನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಮಾಡುವವನು ನಾನು. ಆ ಪಾಠವನ್ನು ನನ್ನ ಮೇಲೆ ಪ್ರಯೋಗಿಸಿಕೊಳ್ಳಲು ಬಹಳ ತಡ ಮಾಡಿದೆ.

ಅವರನ್ನು ಎಲ್ಲರೂ ತಾಂಡೇಲರು ಎಂದೇ ಕರೆಯುತ್ತಿದ್ದರು. ತಾಂಡೇಲ ಎಂದರೆ ಮೀನುಗಾರಿಕೆಯ ಬೋಟು ನಡೆಸುವವನು. ಕಾಪುವಿನ ಕಡಲ ಬದಿಯವರು, ಪ್ರಾಯದ ದಿನಗಳನ್ನೆಲ್ಲ ಬೋಟಿನಲ್ಲಿ ಕಳೆದವರು. ಬೋಟು ಬಿಟ್ಟ ಮೇಲೆ ಭಾವನೊಬ್ಬನ ಜೊತೆ ಕಾಂಕ್ರೀಟು ಕತ್ತರಿಸುವ ಕೆಲಸಕ್ಕೆ ಸೇರಿದರು. ಕೆಲಸ ಬದಲಾಯಿತು, ಹೆಸರು ಬದಲಾಗಲಿಲ್ಲ. ಹಳೆಯ ಕಟ್ಟಡಕ್ಕೆ ಲಿಫ್ಟು ಕೂಡಿಸಬೇಕು, ಹೊಸ ಮೆಟ್ಟಿಲು ಇಳಿಸಬೇಕು ಎಂದಾದರೆ ಪ್ರತಿ ಮಹಡಿಯ ಸ್ಲ್ಯಾಬನ್ನೂ ಚೌಕವಾಗಿ ಕತ್ತರಿಸಿ ತೆಗೆಯಬೇಕಾಗುತ್ತದೆ. ಅದಕ್ಕೊಂದು ಯಂತ್ರ. ನೋಡಲು ತಳ್ಳುಗಾಡಿಯ ಹಾಗೆ. ಹೊಟ್ಟೆಯಲ್ಲಿ ವಜ್ರದ ಹರಳು ಕೂಡಿಸಿದ ದೊಡ್ಡ ಬ್ಲೇಡು. ಒಬ್ಬರು ಹಿಂದಿನಿಂದ ತಳ್ಳುತ್ತಾರೆ, ಇನ್ನೊಬ್ಬರು ಬ್ಲೇಡಿಗೆ ನೀರು ಬಿಡುತ್ತಾರೆ. ತಳ್ಳುವವರು ತಾಂಡೇಲರು. ನೀರು ಬಿಡುವವರು ಬಾದಾಮಿ ಕಡೆಯಿಂದ ಬಂದು ಮಣಿಪಾಲದಲ್ಲಿ ನೆಲೆ ನಿಂತ ಒಬ್ಬ ಹೆಂಗಸು. ಅವರನ್ನು ನಾವು ನೀರಿನಕ್ಕ ಎನ್ನುತ್ತಿದ್ದೆವು.

ನಾನು ಆಗ ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕಾಂಕ್ರೀಟು ಕತ್ತರಿಸುವಾಗ ಬರುವ ಸದ್ದನ್ನು ಮೈಕಿನಲ್ಲಿ ಹಿಡಿದು, ಒಳಗೆ ಏನು ನಡೆಯುತ್ತಿದೆ ಎಂದು ಕಂಪ್ಯೂಟರಿನಿಂದ ಹೇಳಿಸುವುದು ನನ್ನ ವಿಷಯ. ಬ್ಲೇಡು ಮೊಂಡಾಗಿದೆಯೇ, ಕಬ್ಬಿಣದ ರಾಡು ಸಿಕ್ಕಿದೆಯೇ, ಅಪಾಯ ಹತ್ತಿರ ಬಂದಿದೆಯೇ. ಎಲ್ಲ ಸರಿ ಇದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಆದರೆ ಯಂತ್ರಕ್ಕೆ ಯಾವ ಸದ್ದು ಯಾವುದರದ್ದು ಎಂದು ಮೊದಲು ಯಾರಾದರೂ ಕಲಿಸಬೇಕಲ್ಲ. ಆ ಕೆಲಸಕ್ಕೆ ಕಂತ್ರಾಟುದಾರರು ತಾಂಡೇಲರನ್ನು ತೋರಿಸಿದರು. ಅವರು ಕೊರೆಯುತ್ತ ಕೊರೆಯುತ್ತ "ಜಲ್ಲಿ", "ರಾಡು", "ಮೊಂಡು" ಎಂದು ಕೂಗುವುದು, ನಾನು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿಕೊಳ್ಳುವುದು ಎಂದು ಒಪ್ಪಂದವಾಯಿತು.

ಮೊದಲ ದಿನವೇ ನನ್ನ ಸಲಕರಣೆಗಳನ್ನು ಸುತ್ತು ಹಾಕಿ ನೋಡಿ ಕೇಳಿದರು:

"ಇದಕ್ಕೆ ಕಿವಿ ಎಲ್ಲಿ ಉಂಟು?"

ಮೈಕು ತೋರಿಸಿದೆ.

"ಮತ್ತೆ ಬಾಯಿ?"

ದೀಪ ತೋರಿಸಿದೆ.

"ಕಿವಿ ಮೇಲೆ ಉಂಟು, ಬಾಯಿ ಮೇಲೆ ಉಂಟು. ಕಾಲಿಲ್ಲ. ಆಗಲಿ, ಘಟ್ಟದವರ ಪೆಟ್ಟಿಗೆ ಅಲ್ವಾ, ಕಲೀತದೆ" ಎಂದು ನಕ್ಕರು. ನಾನು ಹಾಸನದ ಕಡೆಯವನು. ಘಟ್ಟದ ಮೇಲಿನವರೆಂದರೆ ಅವರಿಗೆ ಕರುಣೆಗೆ ಪಾತ್ರರು. ಕಾಲಿಲ್ಲ ಎಂದರೋ ಇಲ್ಲವೋ ಎಂಬ ಬಗ್ಗೆಯೂ ನನಗೀಗ ಸಂಶಯವಿದೆ. ಮುಂದೆ ಆದದ್ದಕ್ಕೆ ಹೊಂದುವಂತೆ ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಸೇರಿಸಿಕೊಳ್ಳಲು ಸಾಧ್ಯವಿಲ್ಲದ ಒಂದು ದಿನವೂ ಇದೆ, ಅದಕ್ಕೆ ನನ್ನ ನೋಟುಪುಸ್ತಕದಲ್ಲಿ ಆಧಾರವಿದೆ. ಕಾರ್ಕಳದಲ್ಲಿ ಒಂದು ಮನೆಯ ತಾರಸಿ. ಆ ಊರಿನ ಕರಿಕಲ್ಲಿನ ಜಲ್ಲಿ ಹಾಕಿದ ಕಾಂಕ್ರೀಟು ಕಬ್ಬಿಣಕ್ಕಿಂತ ಹಟಮಾರಿ. ಅರ್ಧ ಗಂಟೆ ಕೊರೆದಿರಬೇಕು, ಸದ್ದು ಸಣ್ಣಗಾಗಿ, ನಯವಾಗಿ, ಕೇಳಲು ಹಿತವಾಗಿಬಿಟ್ಟಿತು. ನನ್ನ ದೀಪ ಹಸಿರಾಗಿತ್ತು. ನನಗೂ ಖುಷಿ. ತಾಂಡೇಲರು ಯಂತ್ರ ನಿಲ್ಲಿಸಿದರು.

"ಎಂತ ಆಯ್ತು? ಚೆನ್ನಾಗಿ ಹೋಗ್ತಾ ಇದೆಯಲ್ಲ" ಎಂದೆ.

"ಹಾಡ್ಲಿಕ್ಕೆ ಶುರು ಮಾಡಿದೆ ಸರ್. ಹಾಡುವ ಬ್ಲೇಡು ಕೆಲಸ ಮಾಡುದಿಲ್ಲ."

ನೋಡಿದರೆ ನಿಜ. ಹತ್ತು ನಿಮಿಷದಿಂದ ಬ್ಲೇಡು ಒಂದಿಂಚೂ ಕೆಳಗಿಳಿದಿರಲಿಲ್ಲ. ಗಟ್ಟಿ ಕಲ್ಲಿಗೆ ಉಜ್ಜಿ ಉಜ್ಜಿ ಅದರ ಅಂಚು ಕನ್ನಡಿಯ ಹಾಗೆ ನುಣುಪಾಗಿ, ವಜ್ರದ ಹರಳುಗಳೆಲ್ಲ ಒಳಗೆ ಮುಚ್ಚಿಹೋಗಿದ್ದವು. ಅವರು ತಮ್ಮ ಗೋಣಿಚೀಲದಿಂದ ಒಂದು ಮುರಕಲ್ಲು ತೆಗೆದರು. ಕರಾವಳಿಯಲ್ಲಿ ಮನೆ ಕಟ್ಟುವ ಕೆಂಪು ಕಲ್ಲು. "ಸ್ವಲ್ಪ ತಿನ್ನಿಸುವ" ಎಂದು ಅದರಲ್ಲಿ ನಾಲ್ಕು ಗೀರು ಕೊರೆದರು. ಆ ಮೆತ್ತನೆಯ ಒರಟು ಕಲ್ಲು ಅಂಚನ್ನು ಸವೆಸಿ, ಹೊಸ ಹರಳು ಹೊರಗೆ ಬಂತು. ಮತ್ತೆ ಸ್ಲ್ಯಾಬಿಗಿಟ್ಟಾಗ ಸದ್ದು ಕರ್ಕಶವಾಗಿ, ಕೆಟ್ಟದಾಗಿ, ಸರಿಯಾಗಿ ಬಂತು. ಆ ದಿನ ನಾನು ಬರೆದುಕೊಂಡದ್ದು: ಹಿತವಾದ ಸದ್ದು ಎಂದರೆ ಕೆಲಸ ನಿಂತಿದೆ. ನೀರಿನಕ್ಕ ನನ್ನ ಹಸಿರು ದೀಪ ನೋಡಿ, "ನಿಮ್ಮ ಪೆಟಿಗಿ ಹಾಡು ಕೇಳಕೋಂತ ಕುಂತಿತ್ತೇನ್ರಿ ಸರ?" ಎಂದರು.

ತಾಂಡೇಲರ ಅಭ್ಯಾಸಗಳೆಲ್ಲ ನನ್ನ ಪುಸ್ತಕದಲ್ಲಿವೆ. ಕೆಲಸ ಶುರು ಮಾಡುವ ಮೊದಲು ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಹೆಗಲಿನ ಬೈರಾಸು ಸುತ್ತಿಕೊಳ್ಳುವುದು. ಚಪ್ಪಲಿ ಕಳಚಿ ಮೆಟ್ಟಿಲ ಬಳಿ ಬಿಡುವುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಸೋಮವಾರ ಮೀನು ತಿನ್ನುವುದಿಲ್ಲ, ಅಂದು ಗುಳ್ಳದ ಹುಳಿ. "ಇದು ಮಟ್ಟುವಿನದ್ದೇ, ಪೇಟೆಯ ಬದನೆ ಅಲ್ಲ" ಎಂದು ಪ್ರತಿ ಸೋಮವಾರ ಹೇಳುವುದು. ಕಿವಿ ಮುಚ್ಚಿಕೊಂಡು, ಕಾಲು ಬಿಚ್ಚಿಕೊಂಡು ಕೆಲಸ ಮಾಡುವ ಮನುಷ್ಯನನ್ನು ಆರು ತಿಂಗಳು ಕಣ್ಣೆದುರಿಗೇ ನೋಡಿದೆ. ಎರಡನ್ನೂ ಒಂದೇ ಪುಟದಲ್ಲಿ ಬರೆದೆ. ಕೂಡಿಸಿ ನೋಡಲಿಲ್ಲ.

ಕೇಳಲಿಲ್ಲ ಎಂದಲ್ಲ. "ಚಪ್ಪಲಿ ಯಾಕೆ ತೆಗೀತೀರಿ?" ಎಂದು ಕೇಳಿದ್ದೆ.

"ಬೋಟಲ್ಲಿ ಯಾರು ಚಪ್ಪಲಿ ಹಾಕ್ತಾರೆ ಮಾರಾಯ್ರೆ? ಅಭ್ಯಾಸ."

ನಾನು "ಅಭ್ಯಾಸ" ಎಂದು ಬರೆದುಕೊಂಡು, ಪಕ್ಕದಲ್ಲಿ ಆವರಣ ಹಾಕಿ "ನಂಬಿಕೆಯೂ ಇರಬಹುದು" ಎಂದು ಸೇರಿಸಿದೆ. ಆ ಆವರಣ ಈಗಲೂ ಅಲ್ಲೇ ಇದೆ.

ನಾನು ನೋಡಿದ ಹಾಗೆ ಅವರು ಎರಡು ಸಲ ಗೆರೆ ಮುಗಿಯುವ ಮೊದಲೇ ಯಂತ್ರ ನಿಲ್ಲಿಸಿದ್ದರು. ಸ್ಲ್ಯಾಬನ್ನು ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಎಂದು ಎಂಜಿನಿಯರರು ಸುಣ್ಣದ ಗೆರೆ ಹಾಕಿ ಕೊಡುತ್ತಾರೆ. ಸ್ಲ್ಯಾಬನ್ನು ಹೊತ್ತಿರುವ ಬೀಮಿಗೆ ಬ್ಲೇಡು ತಾಗಬಾರದು, ತಾಗಿದರೆ ಕಟ್ಟಡದ ಮೂಳೆ ಕಡಿದ ಹಾಗೆ. ಆದರೆ ಹಳೆಯ ಕಟ್ಟಡಗಳಲ್ಲಿ ನಕಾಶೆಯಲ್ಲಿ ಒಂದು ಕಡೆ ಬೀಮ್, ನಿಜದಲ್ಲಿ ಒಂದು ಗೇಣು ಆಚೆ. ತಾಂಡೇಲರು ನಿಲ್ಲಿಸಿ "ಗೆರೆ ತಪ್ಪುಂಟು" ಎನ್ನುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಗಾರೆ ಒಡೆದು ನೋಡಿದರೆ ಬೀಮ್ ಅವರು ನಿಲ್ಲಿಸಿದಲ್ಲೇ ಇರುತ್ತಿತ್ತು. "ಇಷ್ಟು ವರ್ಷದಲ್ಲಿ ಒಂದು ಬೀಮನ್ನೂ ಮುಟ್ಟಿಲ್ಲ" ಎಂಬುದು ಅವರ ಒಂದೇ ಒಂದು ಜಂಬ. ಅದರ ಮೇಲೆಯೇ ಅವರ ಕೆಲಸ ನಿಂತಿತ್ತು. ಹಳೆಯ ಕಟ್ಟಡ ಎಂದರೆ ಕಂತ್ರಾಟುದಾರರು ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಸಂಶೋಧನೆಗೆ ಒಂದು ಫಾರಂ ಬಂತು. ಪ್ರಯೋಗದಲ್ಲಿ ಭಾಗವಹಿಸುವ ಮನುಷ್ಯರಿಗೆ ತೊಂದರೆಯಾಗಬಾರದು ಎಂದು ನೋಡಿಕೊಳ್ಳುವ ಸಮಿತಿಯದು. ಕೆಲಸಗಾರರು ರಕ್ಷಣೆಯ ಬೂಟು ಧರಿಸಿದ್ದಾರೆಯೇ? ಫೋಟೋ ಲಗತ್ತಿಸಿ. ನನ್ನಲ್ಲಿ ಇದ್ದದ್ದೆಲ್ಲ ಬರಿಗಾಲಿನ ಫೋಟೋಗಳು. ಅವರ ಒಡೆದ ಹಿಮ್ಮಡಿ ನೋಡಿ ನನಗೆ ಮರುಕವೂ ಇತ್ತು, ಅದು ಸುಳ್ಳಲ್ಲ. ಮರುಕ ಎಷ್ಟು, ಫಾರಂ ಎಷ್ಟು ಎಂದು ಈಗ ಬೇರ್ಪಡಿಸಲಾರೆ. ಉಡುಪಿಯ ಅಂಗಡಿಯಿಂದ ದಪ್ಪ ರಬ್ಬರಿನ, ಮೊಣಕಾಲಿನವರೆಗೆ ಬರುವ ಕರಿ ಬೂಟು ತಂದುಕೊಟ್ಟೆ.

ಅವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ನನಗೆ ಎಂತಕ್ಕೆ ಇದೆಲ್ಲ?"

"ಸಿಮೆಂಟು ಕಾಲು ತಿಂದುಬಿಟ್ಟಿದೆ. ಹಾಕಿಕೊಳ್ಳಿ."

ನೀರಿನಕ್ಕ ಪೈಪು ಸುತ್ತುತ್ತ, "ಅವರಿಗೆ ಬೂಟು ಬ್ಯಾಡ್ರಿ ಸರ" ಎಂದರು. ಅಕ್ಕನಿಗೂ ಒಂದು ಜೊತೆ ತರಬೇಕಿತ್ತು, ಅದಕ್ಕೆ ಸಿಟ್ಟು ಎಂದು ನಾನು ಅಂದುಕೊಂಡೆ. ತಾಂಡೇಲರು ಹಾಕಿಕೊಂಡರು. ನಾನು ಫೋಟೋ ತೆಗೆದೆ. ಫೋಟೋ ಆದ ಕೂಡಲೇ ಕಳಚಬಹುದಿತ್ತು. ಕಳಚಲಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಕೊಟ್ಟವರ ಎದುರಿಗೇ ಬಿಚ್ಚಿಡುವ ಮನುಷ್ಯ ಅವರಲ್ಲ.

ಮೂರನೆಯ ದಿನ ಆ ಅಂಗಡಿ ಕಟ್ಟಡ. ಲಿಫ್ಟಿಗಾಗಿ ಮೂರನೆಯ ಮಹಡಿಯ ಸ್ಲ್ಯಾಬು ಕತ್ತರಿಸುವುದು. ಕೆಳಗಿನ ಬಟ್ಟೆ ಅಂಗಡಿಗೆ ಅಲಂಕಾರದ ಸುಳ್ಳು ಛಾವಣಿ ಇದ್ದುದರಿಂದ ಬೀಮ್ ಎಲ್ಲಿದೆ ಎಂದು ಕೆಳಗಿನಿಂದ ಕಾಣುತ್ತಿರಲಿಲ್ಲ. ಕಟ್ಟಡದ ಮಾಲೀಕರ ಎಂಜಿನಿಯರರು ನಕಾಶೆ ನೋಡಿ ಗೆರೆ ಹಾಕಿದ್ದರು. ತಾಂಡೇಲರು ಬೂಟು ಹಾಕಿ ತಳ್ಳಿದರು. ನನ್ನ ಮೈಕು ಒಂದು ಮಾರು ದೂರದಲ್ಲಿತ್ತು. ದೀಪ ಹಸಿರು. ಗೆರೆ ಮುಗಿಯಲು ಒಂದು ಗೇಣು ಇದೆ ಎನ್ನುವಾಗ ಯಂತ್ರ ಒಮ್ಮೆಲೇ ಒದೆಯಿತು, ಕಿಡಿ ಹಾರಿತು. ದೀಪ ಕೆಂಪಾದದ್ದು ಅದಾದ ಮೇಲೆ. ತಾಂಡೇಲರು ಯಂತ್ರ ಆರಿಸಿ, ಬಗ್ಗಿ, ಸೀಳಿನೊಳಗೆ ಟಾರ್ಚು ಬಿಟ್ಟು ನೋಡಿದರು. ಸ್ಲ್ಯಾಬಿನ ಸಪೂರ ರಾಡುಗಳಲ್ಲ, ಹೆಬ್ಬೆರಳು ದಪ್ಪದ ರಾಡುಗಳು, ಎರಡು, ಹೊಳೆಯುತ್ತ ತುಂಡಾಗಿದ್ದವು. ಬೀಮ್.

ಎಂಜಿನಿಯರರು ಓಡಿ ಬಂದರು, ಕಂತ್ರಾಟುದಾರರೂ ಬಂದರು. ಕೂಗಾಟವಾಯಿತು. ಕಂತ್ರಾಟುದಾರರು ತಾಂಡೇಲರ ಕಾಲು ನೋಡಿ ಬೂಟಿನ ಬಗ್ಗೆ ಏನೋ ಕೇಳಿದರು. ಇಲ್ಲಿಂದ ಮುಂದೆ ನನ್ನ ನೆನಪು ಹೇಳುವುದು ಹೀಗೆ: ನಾನು ಮುಂದೆ ಬಂದೆ. "ಬೂಟು ನಾನು ಕೊಟ್ಟದ್ದು. ತಪ್ಪು ನನ್ನದು, ಅವರದಲ್ಲ" ಎಂದೆ. ಕಂತ್ರಾಟುದಾರರು ನನ್ನ ಮಾತಿಗೆ ಬೆಲೆ ಕೊಡಲಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಬೀಮಿಗೆ ಆಸರೆ ಕೊಟ್ಟು, ಉಕ್ಕಿನ ಪಟ್ಟಿ ಕಟ್ಟಿ ಸರಿಮಾಡಿದರು. ತಾಂಡೇಲರನ್ನು ಮಾತ್ರ ಸ್ಲ್ಯಾಬಿನ ಕೆಲಸದಿಂದ ತೆಗೆದರು. ಆಮೇಲೆ ಅವರಿಗೆ ಸಿಕ್ಕಿದ್ದು ತೂತು ಕೊರೆಯುವ ಕೆಲಸ. ಫ್ಲ್ಯಾಟುಗಳ ಅಡುಗೆಮನೆಯಲ್ಲಿ ಹೊಗೆ ಕೊಳವೆಗೆ, ಎ.ಸಿ. ಪೈಪಿಗೆ ಗೋಡೆಯಲ್ಲಿ ದುಂಡಗಿನ ತೂತು. ದೊಡ್ಡ ಯಂತ್ರ ಬೇರೊಬ್ಬರ ಕೈಗೆ ಹೋಯಿತು.

ಕೆಲವು ವಾರಗಳ ನಂತರ ಕಾಪುವಿನ ಒಂದು ಕಟ್ಟಡದಲ್ಲಿ ಸಿಕ್ಕಿದರು. ಒಂದು ಗೋಡೆಯಲ್ಲಿ ತೂತು ಕೊರೆದು ಮುಗಿಸಿದ್ದರು. ಆಚೆ ಬದಿ ಹೊಸಬ ಸ್ಲ್ಯಾಬು ಕತ್ತರಿಸುತ್ತಿದ್ದ, ನೀರಿನಕ್ಕ ನೀರು ಬಿಡುತ್ತಿದ್ದರು. ತಾಂಡೇಲರು ಬರಿಗಾಲಿನಲ್ಲಿದ್ದರು. ನನ್ನನ್ನು ನೋಡಿ ಸಂಕೋಚದಿಂದ, "ಬೂಟು ಮನೆಯಲ್ಲುಂಟು ಸರ್, ಜಾಗ್ರತೆಯಾಗಿ ಇಟ್ಟಿದ್ದೇನೆ" ಎಂದರು. ನನಗೆ ತಡೆಯಲಾಗಲಿಲ್ಲ. ಆ ದಿನ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿಯೇಬಿಟ್ಟೆ.

ಉತ್ತರ ಹೇಳುವ ಬದಲು, "ಶೂಸ್ ಬಿಚ್ಚಿ" ಎಂದರು.

ಬಿಚ್ಚಿದೆ. ಕೈ ಹಿಡಿದು ಸ್ಲ್ಯಾಬಿನ ನಡುವೆ ನಿಲ್ಲಿಸಿದರು. ಅಂಗಾಲಿನಿಂದ ಮೊಣಕಾಲಿನವರೆಗೆ ಗುಂಯ್ ಎಂದು ನಡುಕ ಏರಿತು.

"ಈಗ ಎಂತ?"

"ನೆಲ ನಡುಗ್ತಾ ಇದೆ."

"ನಡುಗುದಲ್ಲ, ಮಾತಾಡುದು. ಬನ್ನಿ." ಒಂದೊಂದೇ ಹೆಜ್ಜೆ ಗೋಡೆಯ ಕಡೆ ನಡೆಸಿದರು. ನಡುಕ ಸಣ್ಣಗಾಗುತ್ತ ಬಂತು. ಐದನೆಯದೋ ಆರನೆಯದೋ ಹೆಜ್ಜೆಗೆ ಪೂರ್ತಿ ಇಲ್ಲವಾಯಿತು. ಕಲ್ಲುಬಂಡೆಯ ಮೇಲೆ ನಿಂತ ಹಾಗೆ.

"ಇಲ್ಲಿ ಬೀಮ್. ಬೀಮ್ ಹತ್ರ ಬಂದ್ರೆ ನೆಲ ಬಾಯಿ ಮುಚ್ತದೆ. ಅಷ್ಟೇ ಸರ್, ಬೇರೆ ಎಂತ ವಿದ್ಯೆ ಇಲ್ಲ. ಬೋಟಲ್ಲಿ ಮಲಗಿದ್ರೂ ಇಂಜಿನಿನದ್ದು ಕಾಲಿಗೇ ಗೊತ್ತಾಗುದು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ನೀವು ಸದ್ದು ಕೇಳ್ಲಿಕ್ಕೆ ಬಂದವರಲ್ವಾ? ಇದು ಸದ್ದು ಅಂತ ನನಗೆಂತ ಗೊತ್ತು?"

ನೀರಿನಕ್ಕ ಪೈಪು ಹಿಡಿದುಕೊಂಡೇ ಕೂಗಿದರು: "ನಾ ಹೇಳಿದ್ನಿಲ್ಲರಿ ಸರ? ಬೂಟು ಹಾಕಿದ್ರ ಅವರಿಗಿ ಕಿವಿ ಕೇಳೂದಿಲ್ಲಂತ?" ಹೇಳಿದ್ದರೋ ಇಲ್ಲವೋ. ಬೇಡ ಎಂದದ್ದು ನೆನಪಿದೆ, ಕಾರಣ ಹೇಳಿದ್ದು ನೆನಪಿಲ್ಲ. ನಾನು ಕಾರಣ ಕೇಳಿರಲಾರೆ.

ಅದೇ ವಾರ ನಾನು ಸಲಕರಣೆ ಬದಲಾಯಿಸಿದೆ. ಕಂಪನ ಹಿಡಿಯುವ ಒಂದು ಸಣ್ಣ ಬಿಲ್ಲೆಯನ್ನು ಮೇಣ ಹಚ್ಚಿ ಸ್ಲ್ಯಾಬಿಗೇ ಅಂಟಿಸಿದೆ. ದೀಪ ಸರಿಯಾಗಿ ಹೇಳತೊಡಗಿತು. ಬೀಮ್ ಬರುವ ಮೊದಲೇ ಕೆಂಪು. ನನಗೆ ಡಾಕ್ಟರೇಟು ಬಂದದ್ದು ಆ ಬಿಲ್ಲೆಯಿಂದ, ಎಂದರೆ ಅವರ ಅಂಗಾಲಿನಿಂದ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರು, ತಂದೆತಾಯಿ, ಗೆಳೆಯರು ಎಲ್ಲ ಇದ್ದಾರೆ. ತಾಂಡೇಲರ ಪಾಲಿಗೆ ಬಂದದ್ದು "ಸ್ಥಳದಲ್ಲಿ ಸಹಕರಿಸಿದ ಸಿಬ್ಬಂದಿ" ಎಂಬ ಮೂರು ಪದ. ಒಂದು ಪ್ರತಿ ಕೊಟ್ಟಾಗ ಪುಟ ಮಗುಚಿ, ಏರಿಳಿಯುವ ಗೆರೆಗಳ ಚಿತ್ರ ನೋಡಿ, "ಇದು ಕಾರ್ಕಳದ್ದು" ಎಂದರು. ಸರಿಯಾಗಿಯೇ ಹೇಳಿದರು. ಹೇಗೆ ಎಂದು ಕೇಳಿದೆ. "ಎಷ್ಟು ನಯ ಉಂಟು ನೋಡಿ. ಹಾಡ್ತಾ ಇದೆ" ಎಂದರು.

ಕಳೆದ ಮಳೆಗಾಲದ ಕೊನೆಗೆ ನೀರಿನಕ್ಕ ಫೋನು ಮಾಡಿ, ತಾಂಡೇಲರು ಹೋಗಿಬಿಟ್ಟರು, ಹೋಗಿ ತಿಂಗಳಾಯಿತು ಎಂದರು. ಶ್ವಾಸಕೋಶದ ಕಾಯಿಲೆ. ನಾನು ಮರುದಿನವೇ ಕಾಪುವಿಗೆ ಹೋದೆ. ಅವರ ಹೆಂಡತಿ ಮೀನು ಮಾರಿ ಆಗಷ್ಟೇ ಮನೆಗೆ ಬಂದಿದ್ದರು. ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದವರು ನನ್ನನ್ನು ನೋಡಿ, "ನೀವು ಪೆಟ್ಟಿಗೆಯ ಸರ್ ಅಲ್ವಾ? ಬನ್ನಿ, ಕೂತ್ಕೊಳ್ಳಿ" ಎಂದರು. ಅವರ ಕಾಲಲ್ಲಿ ಆ ಕರಿ ಬೂಟುಗಳಿದ್ದವು.

ನಾನು ನೋಡಿದ್ದನ್ನು ಅವರು ನೋಡಿದರು. "ದೊಡ್ಡದಾಗ್ತದೆ ನನಗೆ. ಮುಂದೆ ಬಟ್ಟೆ ತುರುಕಿಸಿ ಹಾಕ್ತೇನೆ. ಮಾರ್ಕೆಟಿನಲ್ಲಿ ಎಲ್ಲ ಕಡೆ ಮೀನಿನ ನೀರು ಅಲ್ವಾ, ಒಳ್ಳೇದಾಗ್ತದೆ." ಬಿಚ್ಚಿ ಗೋಡೆಗೆ ಒರಗಿಸಿಟ್ಟರು. "ನೀವು ಕೊಟ್ಟದ್ದಂತೆ. ಅವರು ಹೇಳ್ತಿದ್ರು."

ಒಳಗೆ ಹೋಗಿ ಚಹಾ ತಂದು ಕೊಟ್ಟು ಮುಂದುವರಿಸಿದರು.

"ಆ ಬೀಮ್ ಕಟ್ಟಾದ ದಿನ ಎಲ್ಲರೂ ಬೈಯುವಾಗ ನೀವೊಬ್ಬರೇ ಅವರ ಪರ ಮಾತಾಡಿದ್ದಂತೆ. ತಪ್ಪು ನನ್ನದು ಅಂತ ಹೇಳಿದ್ರಂತೆ. ಯಾವಾಗಲೂ ಹೇಳ್ತಿದ್ರು, ಘಟ್ಟದವರಾದ್ರೂ ಒಳ್ಳೆ ಮನುಷ್ಯ ಅಂತ."

ಚಹಾ ಕುಡಿದು ಎದ್ದೆ. ಬಸ್ಸಿನಲ್ಲಿ ಕೂತ ಮೇಲೆ ಸಮಾಧಾನವಾಗಬೇಕಿತ್ತು. ನನ್ನ ನೆನಪಿಗೆ ಇನ್ನೊಬ್ಬರ ಸಾಕ್ಷಿ ಸಿಕ್ಕಿತ್ತು. ಆದರೆ ಸಮಾಧಾನವಾಗಲಿಲ್ಲ. ಆ ಮಾತುಗಳು ನಾನು ಎಲ್ಲರಿಗೂ ಹೇಳುವ ಮಾತುಗಳ ಹಾಗೆಯೇ ಇದ್ದವು, ಅಷ್ಟೂ ಸರಿಯಾಗಿ. ಒಮ್ಮೆ ನಾನು ತಾಂಡೇಲರ ಎದುರಿಗೇ ನನ್ನ ಸ್ನೇಹಿತರಿಗೆ ಆ ಕಥೆ ಹೇಳಿದ್ದು ನೆನಪಾಯಿತು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದರು. ಹೌದು ಎಂದಿರಲಿಲ್ಲ, ಅಲ್ಲ ಎಂದಿರಲಿಲ್ಲ.

ಪರೀಕ್ಷಿಸಲು ದಾರಿ ಇತ್ತು. ಆ ಮಧ್ಯಾಹ್ನದ ಧ್ವನಿಮುದ್ರಣದಲ್ಲಿ ಯಂತ್ರ ಆರಿಸಿದ ಮೇಲಿನ ಭಾಗ ಸಂಶೋಧನೆಗೆ ಬೇಡ ಎಂದು ಕತ್ತರಿಸಿದ ಪ್ರತಿಯನ್ನೇ ನಾನು ಬಳಸುತ್ತಿದ್ದೆ. ಆದರೆ ಆ ದಿನ ಮೈಕನ್ನು ಯಾರೂ ಆರಿಸಿರಲಿಲ್ಲ, ಮೂಲ ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಕಿವಿಗೆ ಹೆಡ್‌ಫೋನು ಹಾಕಿ ಕೂತೆ.

ಬ್ಲೇಡು ಒದೆಯುತ್ತದೆ, ಯಂತ್ರ ನಿಲ್ಲುತ್ತದೆ. ನೀರು ಸುರಿಯುವ ಸದ್ದು. ಎಂಜಿನಿಯರರ ಕೂಗು. ಆಮೇಲೆ ಕಂತ್ರಾಟುದಾರರು: "ಇದೆಂತ ತಾಂಡೇಲರೇ ಕಾಲಿಗೆ? ನಿಮಗೆ ಬೂಟು ಯಾರು ಕೊಟ್ಟದ್ದು?" ನೀರಿನಕ್ಕ: "ಅಲ್ರಿ, ಆ ಬೂಟು ಈ ಸರ—" ಅವರನ್ನು ಅರ್ಧದಲ್ಲೇ ತಡೆದು ತಾಂಡೇಲರು, ಏನೂ ಆಗದವರ ಹಾಗೆ: "ನೀನು ಮೊದಲು ನೀರು ಬಂದ್ ಮಾಡು ಮಾರಾಯ್ತಿ. ಬೂಟು ನಾನೇ ತಕೊಂಡದ್ದು. ಕಾಲು ಉರೀತಿತ್ತು."

ನೀರು ನಿಲ್ಲುತ್ತದೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಮೈಕಿಗೆ ತೀರ ಹತ್ತಿರದಿಂದ ಒಬ್ಬರು ಕೆಮ್ಮುತ್ತಾರೆ. ಕಂತ್ರಾಟುದಾರರು ಕಾಯುತ್ತಾರೆ, ಆಮೇಲೆ "ಇಳೀರಿ ಕೆಳಗೆ" ಎನ್ನುತ್ತಾರೆ. ಹೆಜ್ಜೆಗಳು, ರಬ್ಬರು ಬೂಟಿನ ಹೆಜ್ಜೆಯೂ, ಮೆಟ್ಟಿಲಿಳಿಯುತ್ತವೆ.

ಕೊನೆಯವರೆಗೂ ಕೇಳಿದೆ, ಮತ್ತೆ ಮೊದಲಿನಿಂದ ಕೇಳಿದೆ. ಆ ಕೆಮ್ಮು ನನ್ನದು. ಅದರಲ್ಲಿ ನನ್ನ ದನಿ ಇರುವುದು ಅಷ್ಟೇ.